ಕ್ಲಬ್ ಬಿಟ್ಟು ಹೋದವನು ದ್ರೋಹಿಯಾ? ಫುಟ್‌ಬಾಲ್‌ನ ನಿಷ್ಠೆ, ದುಡ್ಡು ಮತ್ತು ಒಪ್ಪಂದದ ಲೆಕ್ಕ

2002ರ ನವೆಂಬರ್. ಬಾರ್ಸಿಲೋನಾದ ಕ್ಯಾಂಪ್ ನೋ ಮೈದಾನ. ರಿಯಲ್ ಮ್ಯಾಡ್ರಿಡ್‌ನ ಲೂಯಿಸ್ ಫಿಗೋ ಕಾರ್ನರ್ ಕಿಕ್‌ಗೆ ಅಂತ ಮೂಲೆಗೆ ಬಂದರೆ ಸಾಕು, ಗ್ಯಾಲರಿಯಿಂದ ಬಾಟಲಿ, ನಾಣ್ಯ, ಕೈಗೆ ಸಿಕ್ಕಿದ್ದೆಲ್ಲ ಹಾರಿ ಬರುತ್ತಿತ್ತು. ಅದರ ಮಧ್ಯೆ ಒಂದು ಹಂದಿಯ ತಲೆ. ಹೌದು, ನಿಜವಾದ ಹಂದಿಯ ತಲೆ. ರೆಫರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ಒಳಗೆ ಕಳಿಸಬೇಕಾಯಿತು. ಫಿಗೋ ಏನು ಮಾಡಿದ್ದ? ಎರಡು ವರ್ಷದ ಹಿಂದೆ ಬಾರ್ಸಿಲೋನಾ ಬಿಟ್ಟು ಅದರ ಬದ್ಧವೈರಿ ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದ, ಅಷ್ಟೇ. ಅದಕ್ಕೂ ಮುಂಚೆ ಇದೇ ಜನ ಅವನಿಗೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಇನ್ನೊಂದು ಕಡೆ ನೋಡಿ. 1996ರಲ್ಲಿ ಲೂಯಿಸ್ ಎನ್ರಿಕೆ ಉಲ್ಟಾ ದಾರಿ ಹಿಡಿದು, ಅಂದರೆ ರಿಯಲ್ ಮ್ಯಾಡ್ರಿಡ್‌ನಲ್ಲಿ ಒಪ್ಪಂದ ಮುಗಿಸಿಕೊಂಡು ಒಂದು ಪೈಸೆ ಟ್ರಾನ್ಸ್‌ಫರ್ ದುಡ್ಡಿಲ್ಲದೆ ಬಾರ್ಸಿಲೋನಾಗೆ ಬಂದ. ಅವನನ್ನು ಬಾರ್ಸಿಲೋನಾದವರು ತಲೆ ಮೇಲೆ ಹೊತ್ತು ಮೆರೆಸಿದರು, ಮುಂದೆ ಕ್ಯಾಪ್ಟನ್ ಕೂಡ ಆದ, ಆಮೇಲೆ ಕೋಚೂ ಆದ. ಅಂದರೆ ನಮ್ಮ ಕಡೆ ಬಂದವನು ಬುದ್ಧಿವಂತ, ನಮ್ಮ ಕಡೆಯಿಂದ ಹೋದವನು ದ್ರೋಹಿ. ಫುಟ್‌ಬಾಲ್‌ನಲ್ಲಿ ನಿಷ್ಠೆ ಅನ್ನೋ ಪದ ಬಳಕೆಯಾಗುವುದು ಬಹುಮಟ್ಟಿಗೆ ಹೀಗೇ. ಹಾಗಂತ ಅದು ಬರೀ ಸುಳ್ಳು ಅಂತಲ್ಲ. ಆದರೆ ಈ ಜಗಳ ಅರ್ಥವಾಗಬೇಕಾದರೆ ಮೊದಲು ಒಪ್ಪಂದದ ಕಾಗದ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು, ಮನಸ್ಸಿನ ಮಾತು ಆಮೇಲೆ.

"ಹಿಂದಿನ ಕಾಲದ ಆಟಗಾರರು ಹೀಗಿರಲಿಲ್ಲ, ಒಂದೇ ಕ್ಲಬ್‌ನಲ್ಲಿ ಜೀವನ ಕಳೆಯುತ್ತಿದ್ದರು" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಕೇಳೋಕೆ ಚೆನ್ನಾಗಿದೆ. ಆದರೆ ಅವರು ಹೋಗದೇ ಇದ್ದದ್ದಕ್ಕೆ ದೊಡ್ಡ ಕಾರಣ ಪ್ರೀತಿಯಲ್ಲ, ಬೀಗ. ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಆಟಗಾರನ ಸಂಬಳಕ್ಕೆ ಮಿತಿ ಇತ್ತು, ವಾರಕ್ಕೆ 20 ಪೌಂಡ್, ಅದಕ್ಕಿಂತ ಜಾಸ್ತಿ ಯಾವ ಕ್ಲಬ್ಬೂ ಕೊಡುವ ಹಾಗಿಲ್ಲ. ಎಲ್ಲಿ ಹೋದರೂ ಅಷ್ಟೇ ಅಂದಮೇಲೆ ದುಡ್ಡಿಗಾಗಿ ಹೋಗುವ ಮಾತೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಿಯಮ: ಒಪ್ಪಂದ ಮುಗಿದಮೇಲೂ ಆಟಗಾರನ ನೋಂದಣಿ ಹಳೇ ಕ್ಲಬ್ ಕೈಯಲ್ಲೇ ಇರುತ್ತಿತ್ತು. ಅವರು ಬಿಡುಗಡೆ ಮಾಡದಿದ್ದರೆ ನೀವು ಬೇರೆ ಕಡೆ ಆಡುವ ಹಾಗಿಲ್ಲ, ಇಲ್ಲೂ ಆಡದಿದ್ದರೆ ಸಂಬಳವೂ ಇಲ್ಲ. ಕೆಲಸದ ಅವಧಿ ಮುಗಿದಿದೆ, ಆದರೆ ಬೇರೆ ಕೆಲಸಕ್ಕೆ ಸೇರಬೇಡ ಅಂತ ಹಳೇ ಯಜಮಾನ ಹೇಳಬಹುದು! ಜೀತಕ್ಕೂ ಇದಕ್ಕೂ ಬಹಳ ದೂರ ಇಲ್ಲ, ಅಲ್ವಾ?

ನ್ಯೂಕ್ಯಾಸಲ್‌ನ ಜಾರ್ಜ್ ಈಸ್ಟ್‌ಹ್ಯಾಮ್ ಇದಕ್ಕೆ ತಿರುಗಿಬಿದ್ದ. 1960ರಲ್ಲಿ ಒಪ್ಪಂದ ಮುಗಿದಾಗ ಮತ್ತೆ ಸಹಿ ಹಾಕಲ್ಲ ಅಂದ, ಆಡೋದು ಬಿಟ್ಟು ಬೇರೆ ಕೆಲಸ ಮಾಡಿಕೊಂಡಿದ್ದ. ಕೊನೆಗೆ ಕ್ಲಬ್ ಮಣಿದು ಆರ್ಸೆನಲ್‌ಗೆ ಮಾರಿತು, ಆದರೂ ಅವನು ಕೇಸ್ ಕೈಬಿಡಲಿಲ್ಲ. 1963ರಲ್ಲಿ ನ್ಯಾಯಾಲಯ ಆ ಪದ್ಧತಿ ದುಡಿಯುವವನ ಹಕ್ಕಿಗೆ ಅನ್ಯಾಯದ ಅಡ್ಡಿ ಅಂತ ತೀರ್ಪು ಕೊಟ್ಟಿತು. ಬೀಗ ಸಡಿಲವಾಯಿತು, ಆದರೆ ಪೂರ್ತಿ ಬಿಚ್ಚಿಕೊಳ್ಳಲು ಇನ್ನೂ ಮೂವತ್ತೆರಡು ವರ್ಷ ಬೇಕಾಯಿತು.

ಅದನ್ನು ಬಿಚ್ಚಿದವನು ಬೆಲ್ಜಿಯಂನ ಒಬ್ಬ ಸಾಧಾರಣ ಆಟಗಾರ, ಜಾನ್-ಮಾರ್ಕ್ ಬೋಸ್ಮನ್. 1990ರಲ್ಲಿ ಅವನ ಕ್ಲಬ್ ಆರ್‌ಎಫ್‌ಸಿ ಲಿಯೇಜ್ ಜೊತೆಗಿನ ಒಪ್ಪಂದ ಮುಗಿಯಿತು. ಕ್ಲಬ್ ಹೊಸದಾಗಿ ಕೊಡ್ತೀವಿ ಅಂದ ಸಂಬಳ ಹಳೆಯದರ ಕಾಲು ಭಾಗದಷ್ಟು. ಬೇಡ, ಫ್ರಾನ್ಸಿನ ಡಂಕರ್ಕ್ ಕ್ಲಬ್‌ಗೆ ಹೋಗ್ತೀನಿ ಅಂದ. ಹೋಗು, ಆದರೆ ನಮಗೆ ದುಡ್ಡು ಬರಬೇಕು ಅಂದರು. ಇದು ಐರೋಪ್ಯ ನ್ಯಾಯಾಲಯದವರೆಗೆ ಹೋಗಿ, 1995ರ ಡಿಸೆಂಬರ್ 15ರಂದು ತೀರ್ಪು ಬಂತು: ಐರೋಪ್ಯ ಒಕ್ಕೂಟದ ಆಟಗಾರ ಒಪ್ಪಂದ ಮುಗಿದ ಮೇಲೆ ಒಕ್ಕೂಟದ ಇನ್ನೊಂದು ದೇಶದ ಕ್ಲಬ್‌ಗೆ ಹೋಗುವಾಗ ಹಳೇ ಕ್ಲಬ್ ದುಡ್ಡು ಕೇಳುವ ಹಾಗಿಲ್ಲ. ತಂಡದಲ್ಲಿ ಇಷ್ಟೇ ವಿದೇಶಿಯರು ಅನ್ನುವ ಮಿತಿಯೂ ಒಕ್ಕೂಟದ ದೇಶಗಳ ಆಟಗಾರರ ಮಟ್ಟಿಗೆ ಹೋಯಿತು. ಇವತ್ತು ಕೋಟಿಗಟ್ಟಲೆ ಎಣಿಸುವ ಆಟಗಾರರೆಲ್ಲ ಈ ಮನುಷ್ಯನಿಗೆ ಕೈ ಮುಗಿಯಬೇಕು. ಬೋಸ್ಮನ್‌ಗೆ ಮಾತ್ರ ಕೇಸ್ ನಡೆಸುವುದರಲ್ಲೇ ಆಟದ ವಯಸ್ಸು ಕಳೆದುಹೋಯಿತು.

ಆದ್ದರಿಂದ ನನ್ನ ಲೆಕ್ಕ ಹೀಗೆ: ಬಾಗಿಲು ಮುಚ್ಚಿದ್ದಾಗ ಒಳಗೆ ಉಳಿದವನನ್ನು ನಿಷ್ಠಾವಂತ ಅಂತ ಕರೆಯೋದರಲ್ಲಿ ಅರ್ಥ ಕಡಿಮೆ. ಬಾಗಿಲು ತೆರೆದಮೇಲೂ ಉಳಿದವನಿಗೆ ಆ ಮಾತು ಸಲ್ಲುತ್ತದೆ. ಹಾಗೆ ನೋಡಿದರೆ ನಿಷ್ಠೆ ಸತ್ತಿಲ್ಲ. ಅದನ್ನು ಪರೀಕ್ಷೆ ಮಾಡೋಕೆ ಸಾಧ್ಯವಾಗಿದ್ದೇ ಈಚೆಗೆ.

ಈಗಿನ ವ್ಯವಸ್ಥೆಗೆ ಬರೋಣ. ಟ್ರಾನ್ಸ್‌ಫರ್ ಅಂದರೆ ಆಟಗಾರನನ್ನೇ ಕೊಳ್ಳುವುದಲ್ಲ. ಅವನು ಇಷ್ಟು ವರ್ಷ ನಮ್ಮಲ್ಲಿ ಆಡುತ್ತೇನೆ ಅಂತ ಸಹಿ ಹಾಕಿರುತ್ತಾನೆ, ಆ ಒಪ್ಪಂದ ಮುಗಿಯುವ ಮುಂಚೆ ಬಿಟ್ಟುಕೊಡಲು ಹಳೇ ಕ್ಲಬ್ ಕೇಳುವ ಬೆಲೆಯೇ ಟ್ರಾನ್ಸ್‌ಫರ್ ದುಡ್ಡು. ಹಾಗಾಗಿ ಆಟದಷ್ಟೇ ಮುಖ್ಯವಾದದ್ದು ಒಪ್ಪಂದದಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಅನ್ನೋದು. ನಾಲ್ಕು ವರ್ಷ ಬಾಕಿ ಇದ್ದರೆ ಜುಟ್ಟು ಕ್ಲಬ್ ಕೈಯಲ್ಲಿ. ಎರಡು ವರ್ಷಕ್ಕೆ ಬಂದಾಗ ಕ್ಲಬ್‌ನವರಿಗೆ ನಿದ್ದೆ ಕೆಡಲು ಶುರು. ಒಂದೇ ವರ್ಷ ಅಂದರೆ, ಈಗ ಮಾರು ಇಲ್ಲವೇ ಮುಂದಿನ ವರ್ಷ ಸುಮ್ನೆ ಕಳೆದುಕೋ. ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್‌ಗೆ ಸಹಿ ಹಾಕಲು ಫಿಫಾ ನಿಯಮವೇ ಅವಕಾಶ ಕೊಡುತ್ತದೆ. "ಅವನು ಹೊಸ ಒಪ್ಪಂದಕ್ಕೆ ಸಹಿ ಹಾಕುತ್ತಿಲ್ಲ" ಅನ್ನುವ ಸುದ್ದಿ ಬಂದ ಕೂಡಲೇ ಅಭಿಮಾನಿಗಳ ಎದೆ ಧಸಕ್ ಅನ್ನೋದು ಇದಕ್ಕೇ.

ಸ್ಪೇನಿನಲ್ಲಿ ಇನ್ನೊಂದು ಪದ್ಧತಿ ಇದೆ. ಅಲ್ಲಿ ಒಪ್ಪಂದದಲ್ಲೇ ಬಿಡುಗಡೆಯ ಬೆಲೆ ಬರೆದಿಡುತ್ತಾರೆ, ಅಷ್ಟು ದುಡ್ಡು ಕಟ್ಟಿದರೆ ಕ್ಲಬ್ ತಡೆಯುವ ಹಾಗಿಲ್ಲ. 2000ದಲ್ಲಿ ಫಿಗೋ ಹೋದದ್ದು ಹೀಗೇ, ಸುಮಾರು 6 ಕೋಟಿ ಯೂರೋ, ಆಗಿನ ವಿಶ್ವದಾಖಲೆ. ಅದರ ಕಥೆ ಸ್ವಾರಸ್ಯವಾಗಿದೆ. ಫ್ಲೊರೆಂಟಿನೊ ಪೆರೆಜ್ ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆಗೆ ನಿಂತು, ನಾನು ಗೆದ್ದರೆ ಫಿಗೋನನ್ನು ತರುತ್ತೇನೆ ಅಂತ ಮಾತು ಕೊಟ್ಟ. ಫಿಗೋನ ಏಜೆಂಟ್ ಜೊತೆ ಮೊದಲೇ ಒಪ್ಪಂದ ಆಗಿತ್ತು, ಹಿಂದೆ ಸರಿದರೆ ಭಾರಿ ದಂಡ. ಪೆರೆಜ್ ಗೆಲ್ಲುತ್ತಾನೆ ಅಂತ ಹೆಚ್ಚಿನವರು ಅಂದುಕೊಂಡಿರಲಿಲ್ಲ. ಗೆದ್ದೇಬಿಟ್ಟ! 2017ರಲ್ಲಿ ಇದೇ ದಾರಿಯಲ್ಲಿ ನೇಮಾರ್ 22.2 ಕೋಟಿ ಯೂರೋಗೆ ಬಾರ್ಸಿಲೋನಾದಿಂದ ಪ್ಯಾರಿಸ್‌ಗೆ ಹೋದ. ಬೆಲೆಯ ಚೀಟಿ ಅಂಟಿಸಿದ್ದು ಕ್ಲಬ್ಬೇ. ಯಾರೋ ಬಂದು ಆ ದುಡ್ಡು ಮೇಜಿನ ಮೇಲಿಟ್ಟಾಗ ನಿಷ್ಠೆ ಎಲ್ಲಿ ಹೋಯಿತು ಅಂತ ಕೇಳಿದರೆ ಹೇಗೆ?

ಸರಿ, ಕ್ಲಬ್‌ಗಳ ನಿಷ್ಠೆ ಹೇಗಿರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇಲ್ಲಿದೆ. ಕ್ಲಬ್ ಒಬ್ಬನನ್ನು 6 ಕೋಟಿಗೆ ಕೊಂಡು ಐದು ವರ್ಷದ ಒಪ್ಪಂದ ಮಾಡಿಕೊಂಡರೆ, ಲೆಕ್ಕದ ಪುಸ್ತಕದಲ್ಲಿ ಆ ಖರ್ಚನ್ನು ವರ್ಷಕ್ಕೆ 1.2 ಕೋಟಿಯಂತೆ ಐದು ವರ್ಷಕ್ಕೆ ಹಂಚಿ ಬರೆಯುತ್ತಾರೆ. ಎರಡು ವರ್ಷ ಆದಮೇಲೆ ಪುಸ್ತಕದಲ್ಲಿ ಅವನ ಬೆಲೆ 3.6 ಕೋಟಿ. ಆಗ 5 ಕೋಟಿಗೆ ಮಾರಿದರೆ ಲಾಭ 1.4 ಕೋಟಿ ಮಾತ್ರ. ಈಗ ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ ಹುಡುಗನನ್ನು ನೋಡಿ. ಅವನಿಗೆ ಟ್ರಾನ್ಸ್‌ಫರ್ ದುಡ್ಡು ಕೊಟ್ಟೇ ಇಲ್ಲ, ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಅವನನ್ನು 5 ಕೋಟಿಗೆ ಮಾರಿದರೆ ಐದಕ್ಕೆ ಐದೂ ಲಾಭ. ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸಬಾರದು ಅಂತ ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್ ನಿಯಮ ಮಾಡಿಟ್ಟಿತ್ತು. ಆ ಗೆರೆ ಹತ್ತಿರ ಬಂದ ಕ್ಲಬ್‌ಗೆ ಮೊದಲು ಕಣ್ಣಿಗೆ ಬೀಳುವವನು ಯಾರು? ಮನೆ ಮಗನೇ.

2024ರಲ್ಲಿ ನ್ಯೂಕ್ಯಾಸಲ್ ಮಾಡಿದ್ದು ಅದನ್ನೇ. ಆ ಊರಿನ ಕಡೆಯವನೇ ಆದ, ಅಲ್ಲೇ ಆಟ ಕಲಿತ ಎಲಿಯಟ್ ಆಂಡರ್ಸನ್‌ನನ್ನು ಲೆಕ್ಕ ಸರಿದೂಗಿಸಲು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿತು. ಅದೇ ವರ್ಷ ಚೆಲ್ಸಿ, ಬಾಲ್ಯದಿಂದ ತನ್ನಲ್ಲೇ ಬೆಳೆದ ಕಾನರ್ ಗ್ಯಾಲಗರ್‌ನನ್ನು ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಕಳಿಸಿತು. ಹಿಂದಿನ ಸೀಸನ್ನಿನಲ್ಲಿ ಅವನು ಎಷ್ಟೋ ಮ್ಯಾಚ್‌ಗಳಲ್ಲಿ ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡು ಆಡಿದ್ದ. ಅಭಿಮಾನಿಗಳು ನಿಷ್ಠೆಯ ಗುರುತು ಅಂತ ಯಾವುದನ್ನು ಎತ್ತಿ ಹಿಡಿಯುತ್ತಾರೋ, ಇವನು ನಮ್ಮವನು, ನಮ್ಮಲ್ಲೇ ಬೆಳೆದವನು ಅನ್ನೋದು, ಲೆಕ್ಕಪತ್ರದಲ್ಲಿ ಅದೇ ಅವನನ್ನು ಮಾರೋಕೆ ಕಾರಣವಾಗುತ್ತದೆ. ಈ ನಿಯಮ ಬರೆದವರು ಇದನ್ನು ಯೋಚಿಸಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ಯೋಚಿಸಿಯೂ ಬರೆದಿದ್ದರೆ ಅದು ಇನ್ನೂ ಬೇಜಾರಿನ ವಿಷಯ.

ಇಲ್ಲಿ ಇನ್ನೊಂದು ತಮಾಷೆ ಇದೆ. ಇಂಗ್ಲೆಂಡಿನ ಅನೇಕ ಒಪ್ಪಂದಗಳಲ್ಲಿ ಸಹಿ ಹಾಕಿದ್ದಕ್ಕೆ ಕೊಡುವ ದುಡ್ಡನ್ನು ಒಂದೇ ಸಲ ಕೊಡದೆ ವರ್ಷ ವರ್ಷಕ್ಕೆ ಹಂಚಿ ಕೊಡುತ್ತಾರೆ. ಜನ ಅದನ್ನು ಲಾಯಲ್ಟಿ ಬೋನಸ್ ಅಂತಲೇ ಕರೆಯೋದು. ನಿಷ್ಠೆಗೆ ಬೋನಸ್! ಕ್ಲಬ್ ತಾನಾಗಿ ಅವನನ್ನು ಮಾರಿದರೆ ಬಾಕಿ ದುಡ್ಡು ಅವನಿಗೆ ಸಿಗುತ್ತದೆ. ಅವನೇ "ನನ್ನನ್ನು ಕಳಿಸಿಕೊಡಿ" ಅಂತ ಬರೆದುಕೊಟ್ಟರೆ ಸಾಮಾನ್ಯವಾಗಿ ಕೈತಪ್ಪುತ್ತದೆ. ಹಾಗಾಗಿ ಯಾರೂ ಸುಲಭಕ್ಕೆ ಬರೆದು ಕೊಡಲ್ಲ. ಬದಲಿಗೆ ಏನಾಗುತ್ತದೆ? ಏಜೆಂಟ್ ಪತ್ರಕರ್ತರ ಕಿವಿಯಲ್ಲಿ ಊದುತ್ತಾನೆ. ಆಟಗಾರನಿಗೆ ಸಣ್ಣಗೆ ತೊಡೆ ನೋವು ಶುರುವಾಗುತ್ತದೆ. ಇನ್‌ಸ್ಟಾಗ್ರಾಮ್‌ನಿಂದ ಕ್ಲಬ್ ಫೋಟೋ ಮಾಯವಾಗುತ್ತದೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು. ಅಭಿಮಾನಿಗಳಿಗೆ ಸಿಟ್ಟು ತರಿಸುವ ಈ ಕಳ್ಳಾಟದ ಹಿಂದೆ ಹಲವು ಸಲ ಇಂಥ ಒಂದು ಸಾಲು ಇರುತ್ತದೆ. ನೇರವಾಗಿ ಹೇಳಿದವನಿಗೇ ದಂಡ ಅಂದಮೇಲೆ ಯಾರು ನೇರವಾಗಿ ಹೇಳುತ್ತಾರೆ?

ಇನ್ನು ದುಡ್ಡು ಮತ್ತು ಆಸೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತೇವೆ, ಅದು ಸರಿಯಲ್ಲ. ದುಡ್ಡೇ ದೊಡ್ಡಪ್ಪ ಅಂತ ಹೋಗುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಒಂದು ವಿಷಯ ಗಮನಿಸಿ. ಆಟದ ಆಯಸ್ಸು ಹದಿನೈದು ವರ್ಷ ಇದ್ದರೆ ಹೆಚ್ಚು, ಅದರಲ್ಲೂ ಮೈಯಲ್ಲಿ ಪೂರ್ತಿ ಕಸುವಿರುವುದು ಆರೇಳು ವರ್ಷ. ಮಂಡಿಯ ಒಂದು ಲಿಗಮೆಂಟ್ ಹರಿದರೆ ಅದೂ ಇಲ್ಲ. ಗಾಳಿ ಬಂದಾಗ ತೂರಿಕೋ ಅಂತ ನಾವೇ ಹೇಳುತ್ತೇವಲ್ಲ, ಅವನು ತೂರಿಕೊಂಡರೆ ಮಾತ್ರ ತಪ್ಪಾ? ಮತ್ತೆ, ನಾವು ಹೆಸರು ಹಿಡಿದು ಜಗಳವಾಡುವ ಸ್ಟಾರ್‌ಗಳು ಬೆರಳೆಣಿಕೆಯಷ್ಟು. ಕೆಳಗಿನ ಡಿವಿಷನ್‌ಗಳಲ್ಲಿ ಒಂದೆರಡು ವರ್ಷದ ಒಪ್ಪಂದದ ಮೇಲೆ ಆಡುತ್ತಾ, ಸೀಸನ್ ಮುಗಿದಾಗ ಕ್ಲಬ್ ಉಳಿಸಿಕೊಳ್ಳುತ್ತದೋ ಇಲ್ಲವೋ ಅಂತ ಕಾಯುವವರೇ ಜಾಸ್ತಿ. ಅವರನ್ನು ಕೈಬಿಟ್ಟಾಗ ಕ್ಲಬ್‌ಗೆ ನಿಷ್ಠೆ ಇಲ್ಲ ಅಂತ ಯಾರೂ ಕೂಗಿದ್ದನ್ನು ನಾನು ಕೇಳಿಲ್ಲ.

ಆಸೆಯ ಕಥೆ ಬೇರೆ. ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್ ತೆಗೆದುಕೊಳ್ಳಿ. ಹನ್ನೊಂದನೇ ವಯಸ್ಸಿನಿಂದ ಲಂಡನ್ನಿನ ಟಾಟನ್‌ಹ್ಯಾಮ್, 280 ಗೋಲು, ಕ್ಲಬ್ ಇತಿಹಾಸದಲ್ಲೇ ಎಲ್ಲರಿಗಿಂತ ಜಾಸ್ತಿ. ಟ್ರೋಫಿ? ಒಂದೂ ಇಲ್ಲ. 2018ರಲ್ಲಿ ಆರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದ, ಅದನ್ನು ಎಲ್ಲರೂ ನಿಷ್ಠೆ ಅಂದರು. 2021ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕೇಳಿಕೊಂಡು ಬಂದಾಗ ಅದೇ ಒಪ್ಪಂದ ಕಾಲಿಗೆ ಹಗ್ಗವಾಯಿತು, ಇನ್ನೂ ಮೂರು ವರ್ಷ ಬಾಕಿ. 2023ರಲ್ಲಿ ಒಂದೇ ವರ್ಷ ಉಳಿದಾಗ ಸುಮಾರು 10 ಕೋಟಿ ಯೂರೋಗೆ ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದ. ವರ್ಷ ವರ್ಷ ಲೀಗ್ ಗೆಲ್ಲುತ್ತಿದ್ದ ಬಯರ್ನ್, ಇವನು ಹೋದ ಮೊದಲ ವರ್ಷ ಏನೂ ಗೆಲ್ಲಲಿಲ್ಲ! ಕೊನೆಗೆ 2025ರಲ್ಲಿ ಲೀಗ್ ಸಿಕ್ಕಿತು. ಅದೇ ಮೇ ತಿಂಗಳಲ್ಲಿ, ಕೇನ್ ಬಿಟ್ಟುಹೋದ ಟಾಟನ್‌ಹ್ಯಾಮ್ ಲೀಗ್‌ನಲ್ಲಿ ಹದಿನೇಳನೇ ಸ್ಥಾನಕ್ಕೆ ಕುಸಿದಿದ್ದರೂ ಯೂರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಕಪ್ ಆದ ಯೂರೋಪಾ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು 1-0 ಸೋಲಿಸಿತು. ಕಪ್ ಎತ್ತಿದವನು ಸನ್ ಹ್ಯೂಂಗ್-ಮಿನ್, 2015ರಿಂದ ಅಲ್ಲೇ ಇದ್ದವನು. ಉಳಿದವನಿಗೂ ಸಿಕ್ಕಿತು, ಹೋದವನಿಗೂ ಸಿಕ್ಕಿತು. ಇದರಲ್ಲಿ ನೀತಿ ಹುಡುಕಲು ಹೋಗಬೇಡಿ, ಫುಟ್‌ಬಾಲ್ ಹಾಗೆಲ್ಲ ಲೆಕ್ಕ ಚುಕ್ತಾ ಮಾಡಲ್ಲ.

ಮಾಡುವ ಹಾಗಿದ್ದರೆ ಸ್ಟೀವನ್ ಜೆರಾರ್ಡ್‌ಗೆ ಹೀಗಾಗುತ್ತಿರಲಿಲ್ಲ. 2005ರ ಮೇನಲ್ಲಿ ಲಿವರ್‌ಪೂಲ್‌ಗೆ ಇಸ್ತಾಂಬುಲ್‌ನಲ್ಲಿ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ. ಜುಲೈನಲ್ಲಿ ಕ್ಲಬ್ ಬಿಡುತ್ತೇನೆ ಅಂತ ಬರೆದುಕೊಟ್ಟ, ಚೆಲ್ಸಿ ಕಾಯುತ್ತಿತ್ತು, ಊರಲ್ಲಿ ಅವನ ಜೆರ್ಸಿ ಸುಟ್ಟರು. ಮರುದಿನವೇ ಮನಸ್ಸು ಬದಲಾಯಿಸಿ ಉಳಿದ. ಅಲ್ಲಿಂದ 2015ರವರೆಗೆ ಚೆಲ್ಸಿ ಮೂರು ಸಲ ಪ್ರೀಮಿಯರ್ ಲೀಗ್ ಗೆದ್ದಿತು, ಜೆರಾರ್ಡ್ ಒಂದು ಸಲವೂ ಇಲ್ಲ. 2014ರಲ್ಲಿ ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ಅವನು ಕಾಲು ಜಾರಿ ಬಿದ್ದು ಎದುರಾಳಿಗೆ ಗೋಲು ಬಿಟ್ಟುಕೊಟ್ಟ. ಎದುರಾಳಿ ಯಾರು ಅಂತೀರಿ? ಚೆಲ್ಸಿ.

ಈಗ ನಿಜವಾದ ಪ್ರಶ್ನೆ. ಬಿಟ್ಟು ಹೋದವರೆಲ್ಲರನ್ನೂ ಜನ ಒಂದೇ ಥರ ದ್ವೇಷಿಸುವುದಿಲ್ಲ. ಯಾಕೆ? ಗೇಬ್ರಿಯಲ್ ಬಟಿಸ್ಟೂಟಾ ಉದಾಹರಣೆ ನೋಡಿ. 1993ರಲ್ಲಿ ಅವನ ಫಿಯೊರೆಂಟೀನಾ ಇಟಲಿಯ ಎರಡನೇ ದರ್ಜೆಗೆ ಇಳಿಯಿತು. ದೊಡ್ಡ ಸ್ಟ್ರೈಕರ್, ಎಲ್ಲಿ ಬೇಕಾದರೂ ಹೋಗಬಹುದಿತ್ತು, ಹೋಗಲಿಲ್ಲ. ತಂಡವನ್ನು ಮೇಲಕ್ಕೆ ತಂದ, ಇನ್ನೂ ಆರು ವರ್ಷ ಗೋಲು ಹೊಡೆದ, ಲೀಗ್ ಸಿಗಲಿಲ್ಲ. 2000ದಲ್ಲಿ, ಮೂವತ್ತು ದಾಟಿದಮೇಲೆ, ರೋಮಾಗೆ ಹೋಗಿ ಮೊದಲ ವರ್ಷವೇ ಲೀಗ್ ಗೆದ್ದ. ಆ ಸೀಸನ್ನಿನಲ್ಲಿ ಫಿಯೊರೆಂಟೀನಾ ವಿರುದ್ಧವೇ ಗೆಲುವಿನ ಗೋಲು ಹೊಡೆದು, ಸಂಭ್ರಮಿಸದೆ ಕಣ್ಣೀರಿಟ್ಟ. ಫ್ಲಾರೆನ್ಸ್‌ನಲ್ಲಿ ಇವತ್ತಿಗೂ ಅವನು ದೇವರೇ. ಋಣ ತೀರಿಸಿ ಹೋದವನಿಗೆ ಬೈಯುವವರಿಲ್ಲ.

ಸೋಲ್ ಕ್ಯಾಂಪ್‌ಬೆಲ್ ವಿಷಯ ಉಲ್ಟಾ. ಟಾಟನ್‌ಹ್ಯಾಮ್ ಕ್ಯಾಪ್ಟನ್. 2001ರಲ್ಲಿ ಒಪ್ಪಂದ ಮುಗಿಯಲು ಬಿಟ್ಟು, ಕ್ಲಬ್‌ಗೆ ಒಂದು ಪೌಂಡೂ ಸಿಗದ ಹಾಗೆ ಹೋದ, ಅದೂ ಎಲ್ಲಿಗೆ, ಪಕ್ಕದ ಆರ್ಸೆನಲ್‌ಗೆ! ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಟಾಟನ್‌ಹ್ಯಾಮ್‌ನವರಿಗೆ ಅನಿಸಿದ್ದು ಅದೇ. ಮೊದಲ ಸಲ ಅವನು ಎದುರಾಳಿಯಾಗಿ ಬಂದಾಗ ಗ್ಯಾಲರಿ ತುಂಬ "ಜೂಡಾಸ್", ಅಂದರೆ ಯೇಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರು ಬರೆದ ಬಲೂನ್. ಹೋದ ಮೊದಲ ಸೀಸನ್ನಿನಲ್ಲೇ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಗೆದ್ದ. 2004ರಲ್ಲಿ ಒಂದೂ ಸೋಲದ ಆರ್ಸೆನಲ್ ಲೀಗ್ ಖಚಿತ ಮಾಡಿಕೊಂಡಿದ್ದು ಟಾಟನ್‌ಹ್ಯಾಮ್ ಮೈದಾನದಲ್ಲೇ, ತಂಡದಲ್ಲಿ ಕ್ಯಾಂಪ್‌ಬೆಲ್ ಇದ್ದ. ಆಟದ ಲೆಕ್ಕದಲ್ಲಿ ಅವನ ನಿರ್ಧಾರ ನೂರಕ್ಕೆ ನೂರು ಸರಿ. ಅವನು ಬೇರೆ ದೇಶದ ಕ್ಲಬ್‌ಗೆ ಹೋಗಿ ಇಷ್ಟೇ ಗೆದ್ದಿದ್ದರೆ ಇಷ್ಟು ವರ್ಷ ಯಾರೂ ನೆನಪಿಟ್ಟುಕೊಂಡು ಬೈಯುತ್ತಿರಲಿಲ್ಲ.

ಬಿಟ್ಟಿಯಾಗಿ ಹೋಗುವುದು ಯಾಕೆ ಅಷ್ಟು ಉರಿ ಅಂದರೆ, ಮಾರಿದ್ದರೆ ಆ ದುಡ್ಡಲ್ಲಿ ಇನ್ನೊಬ್ಬ ಬರುತ್ತಿದ್ದ. ಬೇರೆ ದೇಶಕ್ಕೆ ಮಾರಾಟವಾದರೆ ಟ್ರಾನ್ಸ್‌ಫರ್ ದುಡ್ಡಿನ ಶೇ 5ರಷ್ಟು, ಅವನಿಗೆ 12ರಿಂದ 23ರ ವಯಸ್ಸಿನಲ್ಲಿ ಆಟ ಕಲಿಸಿದ ಕ್ಲಬ್‌ಗಳಿಗೆ ಹಂಚಬೇಕು ಅಂತಲೂ ಫಿಫಾ ನಿಯಮವಿದೆ. ಸಣ್ಣ ಕ್ಲಬ್‌ಗಳಿಗೆ ಅದೇ ದೊಡ್ಡ ಆಸರೆ. ದುಡ್ಡಿಲ್ಲದ ಟ್ರಾನ್ಸ್‌ಫರ್‌ನಲ್ಲಿ ಶೇ 5 ಅಂದರೆ ಸೊನ್ನೆ. ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್ ಆರು ವರ್ಷದ ಹುಡುಗನಾಗಿ ಲಿವರ್‌ಪೂಲ್ ಸೇರಿದವನು, ಎಲ್ಲವನ್ನೂ ಗೆದ್ದುಕೊಟ್ಟವನು. 2025ರಲ್ಲಿ ಲೀಗ್ ಗೆದ್ದ ಖುಷಿಯ ನಡುವೆಯೇ ಒಪ್ಪಂದ ಮುಗಿಸಿ ಹೊರಡುತ್ತೇನೆ ಅಂದಾಗ, ಸ್ವಂತ ಮೈದಾನದಲ್ಲೇ ಅವನನ್ನು ಕೂಗಿ ಹೀಯಾಳಿಸಿದರು. ಅವನು ಹೋಗುತ್ತಿದ್ದ ರಿಯಲ್ ಮ್ಯಾಡ್ರಿಡ್, ಕ್ಲಬ್ ವಿಶ್ವಕಪ್‌ಗೆ ಒಂದು ತಿಂಗಳು ಮುಂಚೆ ಬಿಟ್ಟುಕೊಡಿ ಅಂತ ಸ್ವಲ್ಪ ದುಡ್ಡು ಕೊಟ್ಟಿತು, ಅಷ್ಟೇ. ಇಲ್ಲಿ ನನ್ನ ಮನಸ್ಸು ಆಟಗಾರನ ಕಡೆ. ಇಪ್ಪತ್ತು ವರ್ಷ ದುಡಿದವನು ಒಪ್ಪಂದದ ಕೊನೆಯ ಸೀಸನ್ ಮುಗಿಯುವವರೆಗೂ ಆಡಿ ಹೋದರೆ ಇನ್ನೇನು ಬಾಕಿ?

ಆದರೆ ಅಲೆಕ್ಸಾಂಡರ್ ಇಸಾಕ್ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. 2025ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್ ಎಪ್ಪತ್ತು ವರ್ಷದ ನಂತರ ದೇಶದೊಳಗಿನ ಒಂದು ದೊಡ್ಡ ಕಪ್ ಗೆದ್ದಿತು, ಲೀಗ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಇಸಾಕ್ ಗೋಲು ಹೊಡೆದ. ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಲಿವರ್‌ಪೂಲ್‌ಗೆ ಹೋಗಬೇಕು ಅಂತ ಹಠ ಹಿಡಿದು ಆಡಲು ಬರಲಿಲ್ಲ, ಕ್ಲಬ್‌ನವರು ಕೊಟ್ಟ ಮಾತು ಮುರಿದರು ಅಂತ ಬಹಿರಂಗವಾಗಿ ಬರೆದ. ಒಪ್ಪಂದ ಇನ್ನೂ ಮೂರು ವರ್ಷ ಇತ್ತು. ಕೊನೆಗೆ ಸೆಪ್ಟೆಂಬರ್ 1ರಂದು 12.5 ಕೋಟಿ ಪೌಂಡ್‌ಗೆ ಹೋದ, ಬ್ರಿಟನ್ನಿನ ದಾಖಲೆ. ಕ್ಲಬ್‌ಗೆ ಭರ್ತಿ ದುಡ್ಡು ಬಂತು, ಅಭಿಮಾನಿಗಳಿಗೆ ಆ ಕಪ್‌ನ ನೆನಪೇ ಕಹಿಯಾಯಿತು. ಹೊತ್ತು ಗೊತ್ತು ಅನ್ನೋದೂ ಒಂದು ಇದೆ. 2013ರಲ್ಲಿ ಮಾರಿಯೊ ಗೋಟ್ಜೆ ಡಾರ್ಟ್‌ಮಂಡ್ ಬಿಟ್ಟು ಬಯರ್ನ್‌ಗೆ ಹೋಗುವ ಸುದ್ದಿ ಹೊರಬಿದ್ದದ್ದು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಹಿಂದಿನ ದಿನ. ಹುಡುಗ ಡಾರ್ಟ್‌ಮಂಡ್‌ನಲ್ಲೇ ಬೆಳೆದವನು, ಆ ದಿನ ಆ ಅಭಿಮಾನಿಗಳ ಮನಸ್ಸು ಹೇಗಿದ್ದಿರಬೇಡ.

ಆಡಿದ ಮಾತೂ ಕಾಡುತ್ತದೆ. ಜೋರ್ಡನ್ ಹೆಂಡರ್ಸನ್ ಲಿವರ್‌ಪೂಲ್ ಕ್ಯಾಪ್ಟನ್ ಆಗಿದ್ದಾಗ ಸಲಿಂಗಿಗಳ ಪರವಾಗಿ ಬಹಿರಂಗವಾಗಿ ನಿಂತಿದ್ದ. 2023ರಲ್ಲಿ, ಸಲಿಂಗ ಸಂಬಂಧವೇ ಅಪರಾಧವಾಗಿರುವ ಸೌದಿ ಅರೇಬಿಯಾದ ಅಲ್-ಎತ್ತಿಫಾಕ್ ಕ್ಲಬ್‌ಗೆ ಹೋದ. ಆ ವರ್ಷ ಸೌದಿಗೆ ಹೋದವರ ಸಾಲೇ ಇತ್ತು, ಆದರೆ ಹೆಚ್ಚು ಬೈಗುಳ ತಿಂದವರಲ್ಲಿ ಇವನೊಬ್ಬ, ಯಾಕೆಂದರೆ ಉಳಿದವರು ಅಂಥ ಮಾತನ್ನೇ ಆಡಿರಲಿಲ್ಲ. ಆರು ತಿಂಗಳಲ್ಲೇ ಬೇಡವಾಗಿ 2024ರ ಜನವರಿಯಲ್ಲಿ ಅಯಾಕ್ಸ್ ಸೇರಿಕೊಂಡ. ದುಡ್ಡಿಗೆ ಹೋಗುತ್ತೇನೆ ಅಂತ ನೇರವಾಗಿ ಹೇಳುವವನನ್ನು ಜನ ಒಂದು ಮಟ್ಟಕ್ಕೆ ಕ್ಷಮಿಸುತ್ತಾರೆ. ಗೋಲು ಹೊಡೆದಾಗಲೆಲ್ಲ ಜೆರ್ಸಿಯ ಲಾಂಛನಕ್ಕೆ ಮುತ್ತು ಕೊಟ್ಟವನು ಹೋದರೆ ಮಾತ್ರ ಆ ಮುತ್ತಿಗೂ ಲೆಕ್ಕ ಕೇಳುತ್ತಾರೆ.

ಹಾಗಾದರೆ ಉಳಿದವರು? ಇದ್ದಾರೆ. 2006ರಲ್ಲಿ ಹಗರಣದ ಶಿಕ್ಷೆಯಾಗಿ ಜುವೆಂಟಸ್‌ನ್ನು ಎರಡನೇ ದರ್ಜೆಗೆ ಇಳಿಸಿದಾಗ ಕನ್ನವಾರೊ, ಇಬ್ರಾಹಿಮೊವಿಚ್, ವಿಯೆರಾ, ತುರಾಂ ಹೊರಟುಹೋದರು. ಬುಫೋನ್, ಡೆಲ್ ಪಿಯೆರೊ, ನೆಡ್ವೆಡ್, ಟ್ರೆಜೆಗೆ, ಕಮೊರನೇಸಿ ಉಳಿದರು. ಇವರಲ್ಲಿ ಮೂವರು ಆಗಷ್ಟೇ ಇಟಲಿಗೆ ವಿಶ್ವಕಪ್ ಗೆದ್ದವರು. ಜುಲೈನಲ್ಲಿ ವಿಶ್ವ ಚಾಂಪಿಯನ್, ಸೆಪ್ಟೆಂಬರ್‌ನಲ್ಲಿ ಸೀರೀ ಬಿ. ಒಂದೇ ವರ್ಷದಲ್ಲಿ ಮೇಲೆ ಬಂದರು ಅನ್ನೋದು ಬೇರೆ ಮಾತು, ಹೊರಡುವವನಿಗೆ ಅದು ಮೊದಲೇ ಗೊತ್ತಿರಲ್ಲ. ಇನ್ನು ಫ್ರಾನ್ಸೆಸ್ಕೊ ಟೋಟಿ, 1993ರಿಂದ 2017ರವರೆಗೆ ರೋಮಾ ಒಂದೇ. ರಿಯಲ್ ಮ್ಯಾಡ್ರಿಡ್ ಕರೆದರೂ ಹೋಗಲಿಲ್ಲ. ಲೀಗ್ ಸಿಕ್ಕಿದ್ದು ಒಂದು ಸಲ, ಬಟಿಸ್ಟೂಟಾ ಬಂದ ಆ ವರ್ಷವೇ! ಒಬ್ಬ ಬಿಟ್ಟು ಬಂದದ್ದರಿಂದ ಉಳಿದ ಇನ್ನೊಬ್ಬನಿಗೂ ಕಪ್ ಸಿಕ್ಕಿತು, ಹೀಗೂ ಆಗುತ್ತದೆ ನೋಡಿ. ಟೋಟಿ ರೋಮ್‌ನಲ್ಲೇ ಹುಟ್ಟಿದವನು, ಅಲ್ಲಿ ಅವನು ರಾಜನ ಹಾಗಿದ್ದ, ಸಂಬಳಕ್ಕೂ ಕೊರತೆ ಇರಲಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಉಳಿಯೋದು ಯಾವಾಗಲೂ ತ್ಯಾಗವೇ ಆಗಿರಬೇಕಿಲ್ಲ.

ಇಷ್ಟೆಲ್ಲ ಆದಮೇಲೂ ಅಭಿಮಾನಿಯ ಸಂಕಟ ಸುಳ್ಳಲ್ಲ. ಆಟಗಾರನಿಗೆ ಕ್ಲಬ್ ಒಂದು ಕೆಲಸ, ಎಷ್ಟೇ ಪ್ರೀತಿಯದ್ದಾದರೂ ಕೆಲಸವೇ. ಅಭಿಮಾನಿಗೆ ಅದು ಹುಟ್ಟಿನಿಂದ ಅಂಟಿಕೊಂಡದ್ದು, ಬೇಕೆಂದರೂ ಬಿಡಲಾಗದ್ದು. ತಾನು ಬಿಡಲಾಗದ್ದನ್ನು ಇನ್ನೊಬ್ಬ ಸಲೀಸಾಗಿ ಬಿಟ್ಟು ಹೋದಾಗ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಒಂಚೂರು ಅಸೂಯೆಯೂ ಇರಬಹುದು, ಯಾರು ಕಂಡವರು.

1990ರಲ್ಲಿ ಫಿಯೊರೆಂಟೀನಾ ತನ್ನ ಕಣ್ಮಣಿ ರೊಬರ್ಟೊ ಬ್ಯಾಜಿಯೊನನ್ನು ಬದ್ಧವೈರಿ ಜುವೆಂಟಸ್‌ಗೆ ಮಾರಿತು. ಅವನಿಗೆ ಹೋಗಲು ಇಷ್ಟವಿರಲಿಲ್ಲ. ಫ್ಲಾರೆನ್ಸ್ ಬೀದಿಗಳಲ್ಲಿ ದೊಂಬಿಯೇ ಆಯಿತು, ಜನ ಮುಗಿಬಿದ್ದದ್ದು ಆಟಗಾರನ ಮೇಲಲ್ಲ, ಕ್ಲಬ್ ಮಾಲೀಕರ ಮೇಲೆ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅವನು ಜುವೆಂಟಸ್ ಜೆರ್ಸಿ ಹಾಕಿಕೊಂಡು ಅದೇ ಮೈದಾನಕ್ಕೆ ಬಂದ. ಜುವೆಂಟಸ್‌ಗೆ ಪೆನಾಲ್ಟಿ ಸಿಕ್ಕಿತು, ಬ್ಯಾಜಿಯೊ ಒದೆಯಲ್ಲ ಅಂದ. ಗೋಲ್‌ಕೀಪರ್‌ಗೆ ನನ್ನ ಒದೆತ ಗೊತ್ತು ಅಂತ ಕಾರಣ ಕೊಟ್ಟ. ಬೇರೆಯವನು ಒದ್ದ, ಗೋಲಾಗಲಿಲ್ಲ, ಜುವೆಂಟಸ್ 1-0 ಸೋತಿತು. ಅವನನ್ನು ಆಟದ ಮಧ್ಯೆ ಹೊರಗೆ ಕರೆಸಿಕೊಂಡಾಗ ಗ್ಯಾಲರಿಯಿಂದ ಬಿದ್ದ ಫಿಯೊರೆಂಟೀನಾದ ನೇರಳೆ ಸ್ಕಾರ್ಫ್ ಒಂದನ್ನು ಎತ್ತಿಕೊಂಡು ನಡೆದ. ಮೈದಾನ ಎದ್ದು ನಿಂತಿತು. ಆ ಹೊತ್ತಿನಲ್ಲಿ ಜುವೆಂಟಸ್ ಅಭಿಮಾನಿಗಳ ಪ್ರಶ್ನೆ ಬೇರೆಯೇ ಇತ್ತು: ಸಂಬಳ ನಮ್ಮದಲ್ವಾ?